ಹೊರಬರಲೊಲ್ಲದ ಪ್ಲಗ್

ಅಮೆರಿಕದ ಹಳೆಯ ಗಾಡಿಗಳ ಜಾಹೀರಾತುಗಳಲ್ಲಿ ಒಂದು ಸಾಲು ಆಗಾಗ ಕಣ್ಣಿಗೆ ಬೀಳುತ್ತದೆ. 2004ರಿಂದ 2008ರ ನಡುವಿನ ಫೋರ್ಡ್ ಎಫ್-150 ಪಿಕಪ್ ಮಾರುವವರು ಓಡಿದ ಮೈಲಿ, ಟೈರಿನ ಸ್ಥಿತಿ, ತುಕ್ಕಿನ ಕಲೆ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ "ಪ್ಲಗ್ ಬದಲಾಯಿಸಿ ಆಗಿದೆ" ಎಂದು ಸೇರಿಸುತ್ತಾರೆ. ಬೇರೆ ಗಾಡಿಗೆ ಹೀಗೆ ಬರೆದರೆ ಕೊಳ್ಳುವವರು ನಕ್ಕಾರು. ಪ್ಲಗ್ ಎಂದರೆ ಕೆಲವೇ ಡಾಲರಿನ ಸಾಮಾನು. ಹಾಕಿದ್ದೂ ಒಂದು ಸುದ್ದಿಯೇ? ಈ ಗಾಡಿಯ ಮಟ್ಟಿಗೆ ಮಾತ್ರ ಅದು ಬೆಲೆ ಏರಿಸುವ ಮಾತು. ಇದರ ಎಂಜಿನ್ನಿನಿಂದ ಪ್ಲಗ್ ಬಿಚ್ಚಲು ಹೋದ ಅನೇಕರ ಕೈಗೆ ಬಂದದ್ದು ಅರ್ಧ ಪ್ಲಗ್. ಉಳಿದರ್ಧ ಸಿಲಿಂಡರ್ ಹೆಡ್ಡಿನೊಳಗೇ ಕಚ್ಚಿಕೊಂಡು ಕೂತಿತು.

ಫೋರ್ಡ್‌ನ ಎಫ್ ಸರಣಿ 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ರೈತರು, ಬಡಗಿಗಳು, ಪ್ಲಂಬರುಗಳು, ವಾರಾಂತ್ಯಕ್ಕೆ ದೋಣಿ ಎಳೆದುಕೊಂಡು ಹೋಗುವವರು ಎಲ್ಲರ ಗಾಡಿ ಅದು. ಅಷ್ಟು ಜನರ ಮನೆಮುಂದೆ ನಿಂತ ಎಂಜಿನ್ನಿನಲ್ಲಿ ಒಂದು ಪುಟ್ಟ ಭಾಗ ಕೈಕೊಟ್ಟಾಗ ಅದು ಮೆಕ್ಯಾನಿಕ್ಕಿನ ತಲೆನೋವಾಗಿ ಉಳಿಯಲಿಲ್ಲ, ನ್ಯಾಯಾಲಯದವರೆಗೂ ಹೋಯಿತು. ಈ ಕಥೆಯಲ್ಲಿ ನನಗೆ ಕುತೂಹಲ ಹುಟ್ಟಿಸುವುದು ಮುರಿದ ಪ್ಲಗ್ಗಿಗಿಂತ ಅದರ ಬಿಲ್ಲು. ಕಾರ್ಖಾನೆಯಲ್ಲಿ ತೆಗೆದುಕೊಂಡ ಒಂದು ತೀರ್ಮಾನದ ದುಡ್ಡನ್ನು ಎಷ್ಟೋ ವರ್ಷದ ಮೇಲೆ, ಆ ತೀರ್ಮಾನಕ್ಕೆ ಸಂಬಂಧವೇ ಇಲ್ಲದ ಎರಡನೆಯ ಇಲ್ಲವೇ ಮೂರನೆಯ ಮಾಲೀಕ ಕಟ್ಟುತ್ತಾನೆ.

ಪ್ಲಗ್ ಮಾಡುವ ಕೆಲಸ ಗೊತ್ತಿರುವುದೇ. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ 20,000 ವೋಲ್ಟಿಗೂ ಮೇಲೇರಿಸುತ್ತದೆ. ಆ ವಿದ್ಯುತ್ತು ಪ್ಲಗ್ಗಿನ ತುದಿಯಲ್ಲಿರುವ ಸುಮಾರು ಒಂದು ಮಿಲಿಮೀಟರಿನ ಸಂದನ್ನು ಕಿಡಿಯಾಗಿ ದಾಟಿ, ಪೆಟ್ರೋಲು ಗಾಳಿಯ ಮಿಶ್ರಣಕ್ಕೆ ಬೆಂಕಿ ಹೊತ್ತಿಸುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಪ್ರತಿ ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಹಾರಿಸಬೇಕು. ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿದ್ದರೆ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ; ತೀರಾ ಕಾದರೆ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನಿಗೆ ಅಪಾಯ. ರಾಬರ್ಟ್ ಬಾಷ್ ಸಂಸ್ಥೆಯ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಹೈ ವೋಲ್ಟೇಜ್ ಮ್ಯಾಗ್ನೆಟೋ ಜೊತೆಗೆ ರೂಪಿಸಿದ ಪ್ಲಗ್ಗಿಗೂ ಇಂದಿನದಕ್ಕೂ ತತ್ವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ: ನಡುವೆ ಒಂದು ಲೋಹದ ಕಡ್ಡಿ, ಸುತ್ತ ಪಿಂಗಾಣಿ, ಅದರ ಹೊರಗೆ ಥ್ರೆಡ್ ಇರುವ ಉಕ್ಕಿನ ಕವಚ.

ನಮ್ಮಲ್ಲಿ ಒಂದು ತಲೆಮಾರಿಗೆ ಪ್ಲಗ್ ಎಂದರೆ ಜೇಬಿನ ವಸ್ತುವಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದವರನ್ನು ಕೇಳಿ ನೋಡಿ. ಟೂ ಸ್ಟ್ರೋಕ್ ಎಂಜಿನ್ನು ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುತ್ತಿತ್ತು. ಪ್ಲಗ್ ಕಪ್ಪಗಾಗಿ, ಗಾಡಿ ಮಿಸ್ಸಿಂಗ್ ಹೊಡೆದು, ಘಾಟಿಯ ಮಧ್ಯೆ ನಿಂತುಬಿಡುತ್ತಿತ್ತು. ಟೂಲ್ ಬಾಕ್ಸಿನಿಂದ ಪ್ಲಗ್ ಸ್ಪ್ಯಾನರ್ ತೆಗೆದು, ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಗ್ಯಾಪು ಕಣ್ಣಳತೆಯಲ್ಲೇ ಸರಿಮಾಡಿ ಮತ್ತೆ ಒದೆಯುವುದು. ಬದಲಿ ಪ್ಲಗ್ಗೂ ಜೊತೆಯಲ್ಲೇ ಇರುತ್ತಿತ್ತು, ಬಹುಪಾಲು ಮೈಕೋ ಹೆಸರಿನದು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಆಡುಗೋಡಿ ಕಾರ್ಖಾನೆ ಡೀಸೆಲ್ ಪಂಪುಗಳ ಜೊತೆಗೆ ಪ್ಲಗ್ಗಿನಿಂದಲೂ ಮನೆಮಾತಾಗಿತ್ತು. ಈಗ ಕಂಪನಿಯ ಹೆಸರು ಬಾಷ್ ಲಿಮಿಟೆಡ್, ಆದರೆ ಬೆಂಗಳೂರಿನಲ್ಲೊಂದು ಬಡಾವಣೆಗೆ ಮೈಕೋ ಎಂಬ ಹೆಸರು ಅಂಟಿಕೊಂಡೇ ಇದೆ. ಆ ಕಾಲದಲ್ಲಿ ಪ್ಲಗ್ ಕೆಡುತ್ತಿತ್ತು, ಪದೇ ಪದೇ ಕೆಡುತ್ತಿತ್ತು. ಕಚ್ಚಿಕೊಂಡು ಕೂತಿತೆಂಬ ದೂರು ಮಾತ್ರ ಅಪರೂಪ. ತಿಂಗಳಿಗೊಮ್ಮೆ ಹೊರಗೆ ಬಂದು ಹೋಗುವ ಥ್ರೆಡ್ಡಿಗೆ ಕಚ್ಚಿಕೊಳ್ಳಲು ಪುರಸೊತ್ತಾದರೂ ಎಲ್ಲಿ?

ಫೋರ್ಡ್ ಆ ಪಿಕಪ್ಪಿನ ಟ್ರೈಟನ್ ಎಂಜಿನ್ನಿಗೆ ಕೊಟ್ಟ ಮಾತು ಇದಕ್ಕೆ ನೇರ ವಿರುದ್ಧ. ಒಂದು ಲಕ್ಷ ಮೈಲಿ, ಎಂದರೆ 1,60,000 ಕಿಲೋಮೀಟರ್ ಓಡುವವರೆಗೆ ಪ್ಲಗ್ ಮುಟ್ಟಬೇಕಾಗಿಲ್ಲ. ಷೋರೂಮಿನಲ್ಲಿ ಕೇಳಲು ಇದಕ್ಕಿಂತ ಹಿತವಾದ ಮಾತಿಲ್ಲ.

ಟ್ರೈಟನ್ನಿನ ಪ್ಲಗ್ ಪುರಾಣಕ್ಕೆ ಎರಡು ಅಧ್ಯಾಯ. ಮೊದಲನೆಯದು 1990ರ ದಶಕದ ಕೊನೆಯಲ್ಲಿ ಬಂದ, ಸಿಲಿಂಡರಿಗೆ ಎರಡು ವಾಲ್ವಿನ ಎಂಜಿನ್ನುಗಳದು. ಅವುಗಳ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಪ್ಲಗ್ಗನ್ನು ಹಿಡಿದಿಡಲು ಬರೀ ನಾಲ್ಕೈದು ಸುತ್ತಿನ ಥ್ರೆಡ್. ಸಾವಿರಾರು ಮೈಲಿ ಕಂಪನಕ್ಕೆ ಸಡಿಲಾದ ಪ್ಲಗ್, ಒಂದು ದಿನ ಹೆದ್ದಾರಿಯಲ್ಲಿ ಸಿಲಿಂಡರಿನ ಒತ್ತಡಕ್ಕೆ ಥ್ರೆಡ್ಡನ್ನೂ ಕಿತ್ತುಕೊಂಡು, ಮೇಲಿದ್ದ ಕಾಯಿಲ್ಲನ್ನೂ ಮುರಿದುಕೊಂಡು ಢಬ್ಬೆಂದು ಹೊರಕ್ಕೆ ಹಾರುತ್ತಿತ್ತು. ಇಡೀ ಹೆಡ್ ಬದಲಾಯಿಸುವುದೊಂದೇ ದಾರಿ ಎಂದು ಹೇಳಿಸಿಕೊಂಡ ಮಾಲೀಕರು ಎಷ್ಟೋ. ಹಾಳಾದ ರಂಧ್ರವನ್ನು ಕೊರೆದು ದೊಡ್ಡದು ಮಾಡಿ, ಒಳಗೆ ಗಟ್ಟಿ ಬುಶ್ ಕೂರಿಸಿ ಹೊಸ ಥ್ರೆಡ್ ಕೊಡುವ ಟೈಮ್‌ಸರ್ಟ್‌ನಂಥ ಕಿಟ್ಟುಗಳಿಗೆ ಅಲ್ಲಿ ಒಳ್ಳೆಯ ಗಿರಾಕಿ ಸಿಕ್ಕಿತು.

ಎರಡನೆಯ ಅಧ್ಯಾಯ 2004ರ ಎಫ್-150ರಲ್ಲಿ ಬಂದ 5.4 ಲೀಟರಿನ ಮೂರು ವಾಲ್ವಿನ ವಿ8. ಮೊದಲಿನದು ಹಿಡಿದರೂ ನಿಲ್ಲದು, ಇದು ಎಳೆದರೂ ಬಾರದು. ಸಿಲಿಂಡರಿಗೆ ಮೂರು ವಾಲ್ವು ಇಟ್ಟ ಮೇಲೆ ಪ್ಲಗ್ಗಿಗೆ ಉಳಿದ ಜಾಗ ಇಕ್ಕಟ್ಟು. ಹಾಗಾಗಿ ಉದ್ದನೆಯ, ಸಪೂರವಾದ, ಅಷ್ಟೇನೂ ಸಾಮಾನ್ಯವಲ್ಲದ ಪ್ಲಗ್ಗೊಂದನ್ನು ಆರಿಸಿಕೊಂಡರು. ಇದರ ಥ್ರೆಡ್ ಮೇಲುಗಡೆಯೇ ಮುಗಿಯುತ್ತದೆ. ಅದರ ಕೆಳಗೆ ತೆಳ್ಳನೆಯ ಉಕ್ಕಿನ ಕೊಳವೆ ನುಣುಪಾದ ರಂಧ್ರದಲ್ಲಿ ಇಳಿದು ಸಿಲಿಂಡರಿನ ಬಾಯಿಯವರೆಗೆ ಹೋಗುತ್ತದೆ. ಕೊಳವೆಯೂ ಮೇಲಿನ ಕವಚವೂ ಒಂದೇ ಲೋಹದ ತುಂಡಲ್ಲ; ಎರಡನ್ನು ಅಂಚು ಒತ್ತಿ ಕೂಡಿಸಿದ್ದಾರೆ. ಎಡವಟ್ಟಾದದ್ದು ಆ ಕೂಡಿಕೆಯಲ್ಲೇ.

ಕೊಳವೆಗೂ ರಂಧ್ರದ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು. ಉರಿಯುವ ಕೋಣೆಯಿಂದ ಮೇಲಕ್ಕೆ ನುಗ್ಗುವ ಕಾರ್ಬನ್ ಅದರಲ್ಲಿ ಪದರ ಪದರವಾಗಿ ಕೂರುತ್ತದೆ. ಕಾದು, ಆರಿ, ಮತ್ತೆ ಕಾದು, ತಳ ಹಿಡಿದ ಪಾಯಸದ ಪಾತ್ರೆಯ ಸೀಕಲಿನಂತೆ ಗಟ್ಟಿಯಾಗುತ್ತದೆ. ಒಂದು ಲಕ್ಷ ಮೈಲಿ ಯಾರೂ ಅದನ್ನು ಅಲುಗಾಡಿಸುವುದಿಲ್ಲ. ಕೊನೆಗೊಂದು ದಿನ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮೇಲಿನ ಅರ್ಧ ತಿರುಗುತ್ತದೆ, ಕೆಳಗಿನ ಕೊಳವೆ ತಿರುಗುವುದಿಲ್ಲ. ಕೂಡಿಕೆ ಬಿಟ್ಟುಕೊಳ್ಳುತ್ತದೆ. ಎಷ್ಟೋ ಸಲ ಪಿಂಗಾಣಿಯೂ ಮುರಿದು ಕೆಳಗಿನ ಅರ್ಧದಲ್ಲೇ ಉಳಿಯುತ್ತದೆ. ಹೀಗೆ ಎಂಟು ಪ್ಲಗ್.

ತಾಂತ್ರಿಕವಾಗಿ ನೋಡಿದರೆ ಆ ಪ್ಲಗ್ ಕೆಟ್ಟದ್ದೇನಲ್ಲ. ಕಿಡಿ ಸರಿಯಾಗಿಯೇ ಕೊಡುತ್ತಿತ್ತು, ಬಾಳಿಕೆಯೂ ಬರುತ್ತಿತ್ತು. ವಿನ್ಯಾಸ ಮಾಡಿದವರು ಅದು ಒಳಗೆ ಕೂತು ಕೆಲಸ ಮಾಡುವುದನ್ನು ಚೆನ್ನಾಗಿ ಯೋಚಿಸಿದ್ದಾರೆ, ಹೊರಗೆ ಬರುವುದನ್ನು ಯೋಚಿಸಿದಂತಿಲ್ಲ. ಗಾಡಿಗಳ ವಿಷಯದಲ್ಲಿ ಈ ಮರೆವು ಪ್ಲಗ್ಗಿಗಷ್ಟೇ ಸೀಮಿತವಲ್ಲ. ಬಲ್ಬ್ ಬದಲಾಯಿಸಲು ಬಂಪರ್ ಬಿಚ್ಚಬೇಕಾದ ಕಾರುಗಳನ್ನು ನಮ್ಮ ರಸ್ತೆಗಳಲ್ಲೂ ಕಂಡಿದ್ದೇವೆ.

ಫೋರ್ಡ್ ತನ್ನ ಡೀಲರುಗಳಿಗೆ ಹಲವು ಬಾರಿ ತಾಂತ್ರಿಕ ಸೂಚನೆ ಕಳಿಸಿತು. 2008ರ 08-7-6 ಸಂಖ್ಯೆಯದು ಅವುಗಳಲ್ಲಿ ಹೆಚ್ಚು ಪ್ರಸಿದ್ಧ. ಎಂಜಿನ್ ಪೂರ್ತಿ ಆರಿರಬೇಕು. ಮೊದಲು ಪ್ಲಗ್ಗನ್ನು ಸುತ್ತಿನ ಎಂಟನೇ ಒಂದು ಭಾಗ, ಹೆಚ್ಚೆಂದರೆ ಕಾಲು ಸುತ್ತು ಮಾತ್ರ ಸಡಿಲಿಸಬೇಕು. ಆಮೇಲೆ ಕೈ ತೆಗೆಯಬೇಕು. ಪ್ಲಗ್ ಕೂತಿರುವ ಕುಳಿಗೆ ಅರ್ಧದಿಂದ ಮುಕ್ಕಾಲು ಚಮಚ ಕಾರ್ಬ್ಯುರೇಟರ್ ಕ್ಲೀನರ್ ಸುರಿದು ಕಡಿಮೆಯೆಂದರೆ 15 ನಿಮಿಷ ಕಾಯಬೇಕು. ದ್ರವ ಥ್ರೆಡ್ಡಿನ ಸಂದಿನಿಂದ ಇಳಿದು ಕಾರ್ಬನ್ ನೆನೆಸಲಿ ಎಂದು. ಆ ಹೊತ್ತಿನಲ್ಲಿ ಹಿಂದೆ ಮುಂದೆ ಅಲ್ಲಾಡಿಸುವಂತಿಲ್ಲ. ನೆನೆದ ಮೇಲೆ ಬಿಗಿ, ಸಡಿಲ, ಮತ್ತೆ ಬಿಗಿ, ಮತ್ತೆ ಸಡಿಲ. ಕಿರ್ರೆನ್ನುವ ಸದ್ದು ಬಂದೀತು, ಹೆದರಬೇಡಿ ಎಂದೂ ಸೂಚನೆಯಲ್ಲಿದೆ. ಬಿಚ್ಚಲು 33 ಪೌಂಡ್ ಅಡಿ, ಎಂದರೆ ಸುಮಾರು 45 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕಾದೀತು. ತಿರುಗಿಸುವ ಕೈಗೆ ಹಗುರ ಎನಿಸುವವರೆಗೂ ಇದೇ ಆಟ.

ಓದಲು ಸರಳ. ಆದರೆ ಅಮೆರಿಕದ ಗ್ಯಾರೇಜುಗಳ ಲೆಕ್ಕಾಚಾರವೇ ಬೇರೆ. ಯಾವ ಕೆಲಸಕ್ಕೆ ಎಷ್ಟು ಗಂಟೆ ಎಂದು ಅಲ್ಲಿ ಕೈಪಿಡಿ ಇದೆ. ಗಿರಾಕಿಗೆ ಬಿಲ್ ಅದರ ಪ್ರಕಾರ, ಎಷ್ಟೋ ಕಡೆ ಮೆಕ್ಯಾನಿಕ್ಕಿನ ಸಂಬಳವೂ ಅದರ ಪ್ರಕಾರ. ಕಾಯುವ ಪ್ರತಿ ಹದಿನೈದು ನಿಮಿಷವೂ ಅವನ ಜೇಬಿನದು. ಅವಸರದಿಂದ ಒಮ್ಮೆ ಜಗ್ಗಿದರೆ ಕಟ್. ಅನೇಕ ಗ್ಯಾರೇಜುಗಳು ಈ ಎಂಜಿನ್ ಬಂದರೆ ಮೊದಲೇ ಮಾತಾಡಿಕೊಳ್ಳತೊಡಗಿದವು: ಪ್ಲಗ್ ಮುರಿದರೆ ಒಂದೊಂದಕ್ಕೂ ಪ್ರತ್ಯೇಕ ಚಾರ್ಜು. ಗಂಟೆಗೆ ನೂರು ಡಾಲರ್ ಲೇಬರ್ ಇರುವ ನಾಡಿನಲ್ಲಿ ಒಂದು ಪ್ಲಗ್ ಒಂದು ಮಧ್ಯಾಹ್ನವನ್ನು ನುಂಗಿದರೆ ಏನಾಗುತ್ತದೆಂದು ಲೆಕ್ಕ ಹಾಕಿಕೊಳ್ಳಬಹುದು.

ಮುರಿದದ್ದನ್ನು ತೆಗೆಯುವ ಉಪಾಯವೂ ಬಂತು. ಲಿಸ್ಲ್ ಎಂಬ ಉಪಕರಣ ಕಂಪನಿ ಈ ಎಂಜಿನ್ನಿಗೆಂದೇ 65600 ಸಂಖ್ಯೆಯ ಸಾಧನ ತಂದಿತು. ಕೊಳವೆಯಲ್ಲಿ ಉಳಿದ ಪಿಂಗಾಣಿಯನ್ನು ಮೊದಲು ಒಂದು ಕಡ್ಡಿ ನಿಧಾನವಾಗಿ ಕೆಳಕ್ಕೆ ಒತ್ತುತ್ತದೆ, ಪೂರ್ತಿ ಬೀಳದಷ್ಟು. ಖಾಲಿಯಾದ ಜಾಗದಲ್ಲಿ ಇನ್ನೊಂದು ಕಡ್ಡಿ ಕೊಳವೆಯ ಒಳಗೋಡೆಗೆ ಥ್ರೆಡ್ ಕೊರೆದು ಹಿಡಿತ ಸಾಧಿಸುತ್ತದೆ. ಮೇಲಿನ ನಟ್ ತಿರುಗಿಸಿದಂತೆ ಕೊಳವೆ ಇಂಚಿಂಚಾಗಿ ಮೇಲೆದ್ದು ಬರುತ್ತದೆ. ಯಾರ ಕೆಟ್ಟ ಯೋಚನೆಯೋ ಇನ್ನೊಬ್ಬರ ಒಳ್ಳೆಯ ವ್ಯಾಪಾರ.

ಪಿಂಗಾಣಿಯ ಬಗ್ಗೆ ಇಷ್ಟು ಎಚ್ಚರ ಏಕೆಂದರೆ, ಅದು ಅಲ್ಯೂಮಿನಾ. ಗಾಜಿಗಿಂತ, ಉಕ್ಕಿಗಿಂತ ಗಡಸು. ಚೂರು ಸಿಲಿಂಡರಿಗೆ ಬಿದ್ದರೆ ಗೋಡೆಯನ್ನು ಗೀರುತ್ತದೆ. ಅದೇ ಗಡಸುತನ ಕಳ್ಳರಿಗೂ ಗೊತ್ತಿದೆ: ಒಡೆದ ಪ್ಲಗ್ಗಿನ ಪಿಂಗಾಣಿ ಚೂರನ್ನು ಕಾರಿನ ಪಕ್ಕದ ಗಾಜಿಗೆ ಎಸೆದರೆ ಅದು ಹೆಚ್ಚು ಸದ್ದಿಲ್ಲದೆ ಪುಡಿಯಾಗುತ್ತದೆ. ಕ್ಯಾಲಿಫೋರ್ನಿಯಾದ ದಂಡಸಂಹಿತೆ ಪ್ಲಗ್ಗಿನ ಪಿಂಗಾಣಿ ಚೂರುಗಳನ್ನು ಕಳ್ಳತನದ ಸಲಕರಣೆಗಳ ಪಟ್ಟಿಯಲ್ಲೇ ಹೆಸರಿಸಿದೆ.

ಸಾಧನವೂ ಸೋತರೆ ಹೆಡ್ ಇಳಿಸಬೇಕು. ಬಿಲ್ಲು ಹಿಗ್ಗುವುದು ಇಲ್ಲಿಂದ. ಹೆಡ್ ಇಳಿಸುವುದೆಂದರೆ ಗ್ಯಾಸ್ಕೆಟ್ ಹೊಸದು, ಒಮ್ಮೆ ಬಿಗಿದು ಹಿಗ್ಗಿದ ಹೆಡ್ ಬೋಲ್ಟುಗಳು ಹೊಸವು, ಕೂಲಂಟ್ ಹೊಸದು, ಆಯಿಲ್ ಹೊಸದು, ಟೈಮಿಂಗ್ ಚೈನ್ ಬಿಚ್ಚಿ ಮತ್ತೆ ಹೊಂದಿಸುವ ಕೆಲಸ ಬೇರೆ. ಕೆಟ್ಟದ್ದು ಒಂದು ಪ್ಲಗ್, ದುಡ್ಡು ಕೇಳುವುದು ಕೆಡದೇ ಇದ್ದ ಇಪ್ಪತ್ತು ಸಾಮಾನು.

ಈಗ ವಾರಂಟಿ ನೋಡಿ. ಆ ವರ್ಷಗಳ ಎಫ್-150ಕ್ಕೆ ಮೊದಲಿದ್ದ ವಾರಂಟಿ ಮೂರು ವರ್ಷ ಅಥವಾ 36,000 ಮೈಲಿ. 2007ರ ಮಾದರಿಗಳಿಂದ ಎಂಜಿನ್ ಗೇರ್‌ಬಾಕ್ಸುಗಳಿಗೆ ಐದು ವರ್ಷ ಅಥವಾ 60,000 ಮೈಲಿ. ಪ್ಲಗ್ ಬಿಚ್ಚಬೇಕೆಂದು ಕೈಪಿಡಿ ಹೇಳುವುದು ಒಂದು ಲಕ್ಷ ಮೈಲಿಗೆ. ಕಂಪನಿಯ ಹೊಣೆ ಮುಗಿದ ಎಷ್ಟೋ ಸಾವಿರ ಮೈಲಿಯಾಚೆ ಸಮಸ್ಯೆ ಮೊದಲ ಬಾರಿಗೆ ಬೆಳಕು ಕಾಣುತ್ತದೆ. ಅಷ್ಟು ಹೊತ್ತಿಗೆ ಗಾಡಿ ಕೈ ಬದಲಾಗಿರುತ್ತದೆ. ಲಕ್ಷ ಮೈಲಿ ಖರ್ಚಿಲ್ಲ ಎಂಬ ಸುಖ ಮೊದಲ ಮಾಲೀಕನಿಗೆ, ಖರ್ಚು ಮುಂದಿನವನಿಗೆ. ದುಡ್ಡು ಕಡಿಮೆ ಇದ್ದವರೇ ತಾನೆ ಹಳೆಯ ಗಾಡಿ ಕೊಳ್ಳುವುದು. ಇದನ್ನು ಯಾರೋ ಕೂತು ಸಂಚು ಮಾಡಿದರೆಂದು ನಾನು ನಂಬುವುದಿಲ್ಲ. ಸಂಚಿಲ್ಲದೆಯೂ ಲೆಕ್ಕ ಹಾಗೇ ಕೂಡಿಬರುತ್ತದೆ ಎಂಬುದೇ ಹೆಚ್ಚು ಕಸಿವಿಸಿಯ ಸಂಗತಿ.

ಪ್ಲಗ್ ಮುರಿಯುವುದು ಗ್ಯಾರೇಜಿನಲ್ಲಿ, ರಸ್ತೆಯಲ್ಲಲ್ಲ. ಪ್ರಾಣಾಪಾಯವಿಲ್ಲ, ಆದ್ದರಿಂದ ಸುರಕ್ಷತೆಯ ಹೆಸರಿನ ರಿಕಾಲ್ ಆಗಲಿಲ್ಲ. ಮಾಲೀಕರು ಬೇರೆ ಬೇರೆ ರಾಜ್ಯಗಳಲ್ಲಿ ದಾವೆ ಹೂಡಿದರು. 2012ರಲ್ಲಿ ಅವನ್ನೆಲ್ಲ ಒಟ್ಟುಗೂಡಿಸಿ ಉತ್ತರ ಒಹಾಯೋದ ಫೆಡರಲ್ ನ್ಯಾಯಾಲಯಕ್ಕೆ ಒಪ್ಪಿಸಲಾಯಿತು, ಕೊನೆಗೆ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ಫೋರ್ಡ್ ಹೆಡ್ಡಿನ ವಿನ್ಯಾಸ ಬದಲಿಸಿಯೂ ಆಗಿತ್ತು. ಚಾಂಪಿಯನ್, ಆಟೋಲೈಟ್ ಕಂಪನಿಗಳು ಕೂಡಿಕೆಯೇ ಇಲ್ಲದ, ಇಡಿಯ ಒಂದೇ ಕವಚದ ಪ್ಲಗ್ಗುಗಳನ್ನು ಹಳೆಯ ಎಂಜಿನ್ನುಗಳಿಗೆ ತಂದವು. ಜಾಹೀರಾತಿನ ಆ ಸಾಲಿಗೆ ಬೆಲೆ ಬಂದದ್ದು ಇದರಿಂದ: ಒಮ್ಮೆ ಕಷ್ಟಪಟ್ಟು ಬದಲಾಯಿಸಿ ಇಂಥದ್ದನ್ನು ಹಾಕಿದರೆ ಆ ಕಂಟಕ ಅಲ್ಲಿಗೆ ಮುಗಿಯಿತು. ಆ ಕಡೆ ಓದಲು, ದುಡಿಯಲು ಹೋದ ನಮ್ಮ ಹುಡುಗರು ಅಗ್ಗಕ್ಕೆ ಸಿಕ್ಕಿತೆಂದು ಇಂಥ ಪಿಕಪ್ ಕೊಳ್ಳುವಾಗ ಮಾತನ್ನಷ್ಟೇ ನಂಬದೆ, ಯಾವ ಕಂಪನಿಯ ಪ್ಲಗ್ ಎಂದು ಬಿಲ್ ನೋಡುವುದು ಒಳ್ಳೆಯದು.

ಈ ಪಿಕಪ್ ನಮ್ಮ ದೇಶದ ಷೋರೂಮುಗಳಿಗೆ ಬರಲಿಲ್ಲ. ಆದರೆ ಅಲ್ಯೂಮಿನಿಯಂ ಹೆಡ್ಡೂ ಉಕ್ಕಿನ ಪ್ಲಗ್ಗೂ ಇಲ್ಲಿನ ಬಹುತೇಕ ಪೆಟ್ರೋಲ್ ಕಾರುಗಳಲ್ಲಿವೆ. ಕಾದಾಗ ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಮೆತ್ತಗೂ ಇರುತ್ತದೆ. ಬಿಸಿ ಎಂಜಿನ್ನಿನಲ್ಲಿ ಪ್ಲಗ್ ತಿರುಗಿಸಿದರೆ ಥ್ರೆಡ್ ಕಿತ್ತುಕೊಂಡು ಬರುವುದು ಅದಕ್ಕೆ. ಸರ್ವಿಸಿಗೆ ಗಾಡಿ ಬಿಟ್ಟು ಅರ್ಧ ಗಂಟೆಗೆಲ್ಲ ಪ್ಲಗ್ ಬಿಚ್ಚಿದ್ದಾರೆಂದರೆ ಎಂಜಿನ್ ಆರಲು ಬಿಟ್ಟಿಲ್ಲ ಎಂದೇ ಅರ್ಥ.

ನಮ್ಮಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯುತ್ತಿದೆ. ಹಳೆಯ ನಿಕ್ಕಲ್ ಪ್ಲಗ್ಗನ್ನು ಮೂವತ್ತು ನಲವತ್ತು ಸಾವಿರ ಕಿಲೋಮೀಟರಿಗೆ ಬದಲಾಯಿಸುತ್ತಿದ್ದ ಕಡೆ ಈಗ ಇರಿಡಿಯಂ ಪ್ಲಗ್ ಬಂದು ಲಕ್ಷ ಕಿಲೋಮೀಟರಿನ ಮಾತಾಡುತ್ತಿದೆ. ಇರಿಡಿಯಂ ಒಳ್ಳೆಯದೇ, ತುದಿ ಅರ್ಧ ಮಿಲಿಮೀಟರ್ ಆಸುಪಾಸಿನಷ್ಟು ಸಣ್ಣ, ಕಿಡಿಗೆ ಕಡಿಮೆ ವೋಲ್ಟೇಜ್ ಸಾಕು. ಆದರೆ ಯೆಜ್ಡಿ ಕಾಲದ ಅಭ್ಯಾಸದಲ್ಲಿ ಅದಕ್ಕೆ ಎಮರಿ ಪೇಪರ್ ಹಚ್ಚಿದರೆ ಕೆಟ್ಟಿತು. ಸಿಎನ್‌ಜಿ ಕಾರು, ಎಲ್‌ಪಿಜಿ ಆಟೋಗಳಲ್ಲಿ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು, ಪ್ಲಗ್ ಬೇಗ ಸವೆಯುತ್ತದೆ. ಅಲ್ಲಿ ಪೆಟ್ರೋಲಿನ ಲೆಕ್ಕ ಹಿಡಿದು ಕೂರುವಂತಿಲ್ಲ. ಅಂಗಡಿಯಲ್ಲಿ ಅಸಲಿಯ ಅರ್ಧ ಬೆಲೆಗೆ ಸಿಗುವ ಅದೇ ಹೆಸರಿನ ಪ್ಲಗ್ ಬಹುತೇಕ ನಕಲಿ, ಮುರಿಯುವ ವಿಷಯದಲ್ಲೂ ಅದು ಮುಂದು.

ಥ್ರೆಡ್ಡಿಗೆ ಗ್ರೀಸೋ, ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಲೇಪವೋ ಹಚ್ಚಿದರೆ ಮುಂದೆ ಸುಲಭವಾಗಿ ಬರುತ್ತದೆಂಬ ನಂಬಿಕೆ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿ ತನ್ನ ಲೇಪನವಿರುವ ಪ್ಲಗ್ಗುಗಳಿಗೆ ಅದು ಬೇಡ ಎನ್ನುತ್ತದೆ. ಜಾರಿಕೆ ಹೆಚ್ಚಿದರೆ ಅದೇ ಟಾರ್ಕಿಗೆ ಪ್ಲಗ್ ಅಗತ್ಯಕ್ಕಿಂತ ಬಿಗಿಯಾಗಿ, ಕತ್ತು ಹಿಗ್ಗುತ್ತದೆ. ಫೋರ್ಡ್ ಟ್ರೈಟನ್ನಿಗೆ ನಿಕ್ಕಲ್ ಆ್ಯಂಟಿ ಸೀಜ್ ಹೇಳಿದ್ದು ನಿಜ, ಆದರೆ ಕೆಳಗಿನ ಕೊಳವೆಗೆ. ಎಲ್ಲ ಪ್ಲಗ್ಗಿಗೂ ಒಂದೇ ಔಷಧ ನಡೆಯದು. 14 ಮಿಲಿಮೀಟರಿನ ಸಾಮಾನ್ಯ ಪ್ಲಗ್ಗಿಗೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 25ರಿಂದ 30 ನ್ಯೂಟನ್ ಮೀಟರ್ ಸಾಕು. ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಕೈಯಲ್ಲಿ ಕೂರಿಸಿ, ವಾಷರ್ ಇರುವ ಹೊಸ ಪ್ಲಗ್ಗನ್ನು ಅಲ್ಲಿಂದ ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಮುರಿದೇ ಹೋದರೆ? ಗಾಬರಿಯಲ್ಲಿ ಸ್ಟಾರ್ಟ್ ಮಾಡಿ ನೋಡಬಾರದು. ಚೂರುಗಳಿದ್ದರೆ ಪಿಸ್ಟನ್ನು ಅವನ್ನು ಅರೆಯುತ್ತದೆ. ಬರೀ ಮೇಲಿನ ಪಿಂಗಾಣಿ ಮುರಿದು ಆರು ಮೂಲೆಯ ಹಿಡಿ ಉಳಿದಿದ್ದರೆ ಹೆಚ್ಚಿನ ಆತಂಕವಿಲ್ಲ, ಕುಳಿಯನ್ನು ವ್ಯಾಕ್ಯೂಮಿನಿಂದ ಚೊಕ್ಕ ಮಾಡಿ ಉದ್ದನೆಯ ಸಾಕೆಟ್ಟಿನಲ್ಲಿ ತಿರುಗಿಸಬಹುದು. ಹಿಡಿಯೇ ಕತ್ತರಿಸಿಹೋಗಿ ಥ್ರೆಡ್ ಒಳಗೇ ಉಳಿದರೆ ನೆನೆಸಿ, ಕಾದು, ಮುರಿದ ತುಂಡನ್ನು ಒಳಗಿನಿಂದ ಹಿಡಿದು ತಿರುಗಿಸುವ ಈಜಿ ಔಟ್ ಹಾಕಬೇಕು. ಥ್ರೆಡ್ ಹೋಗಿದ್ದರೆ ಟ್ಯಾಪ್ ಮಾಡಿ ಬುಶ್ ಅಥವಾ ಹೆಲಿಕಾಯಿಲ್ ಎಂಬ ಥ್ರೆಡ್ ಸುರುಳಿ ಕೂರಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ, ಹುಬ್ಬಳ್ಳಿ, ಮಂಗಳೂರು, ದಾವಣಗೆರೆಯ ಲೇತ್ ಅಂಗಡಿಗಳಲ್ಲಿ ಇದು ದಿನನಿತ್ಯದ ಕೆಲಸ. ಹೆಡ್ಡೇ ಬದಲಾಯಿಸಬೇಕೆಂಬ ಎಸ್ಟಿಮೇಟ್ ಕೈಗೆ ಬಂದವರು ಒಪ್ಪಿಗೆ ಕೊಡುವ ಮೊದಲು ಅಂಥ ಅಂಗಡಿಯ ಮೇಸ್ತ್ರಿಯನ್ನು ಒಮ್ಮೆ ಕೇಳಬೇಕು. ಟ್ಯಾಪಿಗೆ ದಪ್ಪಗೆ ಗ್ರೀಸ್ ಬಳಿದರೆ ಲೋಹದ ಪುಡಿ ಅಂಟಿಕೊಂಡು ಮೇಲೆ ಬರುತ್ತದೆ. ಆಮೇಲೆ ಸಣ್ಣ ಕ್ಯಾಮೆರಾ ಇಳಿಸಿ ಒಳಗೆ ನೋಡಬೇಕು. ಆ ಕ್ಯಾಮೆರಾ ಈಗ ದುಬಾರಿಯಲ್ಲ, ಇಲ್ಲ ಎನ್ನುವ ಗ್ಯಾರೇಜಿಗೆ ಈ ಕೆಲಸ ಕೊಡದಿರುವುದು ವಾಸಿ.

ಬೆಲೆಯ ಮಾತು ಸ್ಪ್ಯಾನರ್ ಹಾಕುವ ಮೊದಲೇ ಆಗಬೇಕು. "ಸಾರ್, ಮುರೀತು, ಏನ್ ಮಾಡೋದು?" ಎಂಬ ಫೋನ್ ಬಂದ ಮೇಲೆ ಹೆಡ್ ಬಿಚ್ಚಿಟ್ಟ ಗಾಡಿಯ ಪಕ್ಕ ನಿಂತು ಚೌಕಾಶಿ ಮಾಡಲಾಗದು. ಲಕ್ಷ ಕಿಲೋಮೀಟರ್ ಓಡಿದ, ಪ್ಲಗ್ ಒಮ್ಮೆಯೂ ಬಿಚ್ಚದ ಕಾರಾದರೆ ಜಾಬ್ ಕಾರ್ಡಿನಲ್ಲೇ ಎರಡು ಸಾಲು ಬರೆಸಬಹುದು: ಎಂಜಿನ್ ಆರಿದ ಮೇಲೆ ಬಿಚ್ಚುವುದು, ಬಿಗಿ ಎನಿಸಿದರೆ ನಿಲ್ಲಿಸಿ ಫೋನ್ ಮಾಡುವುದು. ಹಳೆಯ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲೇ ವಾಪಸು ಕೊಡಿ ಎಂದೂ ಕೇಳಿ. ತಿಳಿ ಕಂದು ಬಣ್ಣ ಇದ್ದರೆ ಸರಿ, ಒಣಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಬೆಳ್ಳಗೆ ಬೆಂದಿದ್ದರೆ ಎಂಜಿನ್ ತೀರಾ ಕಾಯುತ್ತಿದೆ. ನಾಲ್ಕರಲ್ಲಿ ಮೂರು ಒಣಗಿದ್ದು ಒಂದರ ತುದಿಗೆ ಮಾತ್ರ ಆಯಿಲ್ ಹಿಡಿದಿದ್ದರೆ, ಮುಂದಿನ ಖರ್ಚು ಯಾವ ಸಿಲಿಂಡರಿನಿಂದ ಬರಲಿದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.